ಕಂದು ಬಣ್ಣ ಬಂದದ್ದು ನೀರಿನಿಂದಲ್ಲ

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಹಲಸೂರಿನ ಒಂದು ಪ್ರೌಢಶಾಲೆಗೆ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರ ಪಾಠ ನೋಡಲು ಹೋಗಿದ್ದೆ. ಎಂಟನೆಯ ತರಗತಿ, ಘಟಕ 'ವಿದ್ಯುತ್ ಪ್ರವಾಹದ ರಾಸಾಯನಿಕ ಪರಿಣಾಮಗಳು'. ಪಾಠ ಯೋಜನೆ ಅಚ್ಚುಕಟ್ಟಾಗಿತ್ತು. ಮೇಜಿನ ಮೇಲೆ ನಾಲ್ಕು ನಿಂಬೆಹಣ್ಣು, ತಾಮ್ರದ ತಂತಿ, ಸತುವಿನ ಪಟ್ಟಿ, ಒಂದು ಕೆಂಪು ಎಲ್‌ಇಡಿ. ತಂತಿಗಳನ್ನು ಜೋಡಿಸಿದಾಗ ದೀಪ ಮಿಣುಕಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಮೂರನೆಯ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು.

"ಮಿಸ್, ನಮ್ಮನೆಗೆ ನೀರಿನ ಮಿಷನ್ ಮಾರೋರು ಬಂದಿದ್ರು. ನಮ್ಮ ನಲ್ಲಿ ನೀರಿಗೆ ಕರೆಂಟ್ ಬಿಟ್ರು, ಅದು ಕಂದು ಆಗೋಯ್ತು. ಅವರ ನೀರಿಗೆ ಬಿಟ್ರೆ ಏನೂ ಆಗ್ಲಿಲ್ಲ. ಅದ್ಯಾಕೆ ಮಿಸ್?"

"ನಿಮ್ಮ ನೀರಲ್ಲಿ ಕೊಳೆ ಇತ್ತು ಅನ್ಸುತ್ತೆ. ಅದು ಈ ಪಾಠಕ್ಕೆ ಬರಲ್ಲ, ಕೂತ್ಕೋ" ಎಂದರು ನಮ್ಮ ಪ್ರಶಿಕ್ಷಣಾರ್ಥಿ. ಬೆಲ್ ಹೊಡೆಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಾನು ಅವಲೋಕನ ಪುಸ್ತಕದಲ್ಲಿ ಬರೆದೆ: "ಪ್ರಯೋಗ ಪರಿಣಾಮಕಾರಿ. ತರಗತಿ ನಿಯಂತ್ರಣ ಉತ್ತಮ. ಸಮಯಪಾಲನೆ ಚೆನ್ನಾಗಿದೆ."

ಮನೆಗೆ ಹೋಗುವ ಬಸ್ಸಿನಲ್ಲಿ ಆ ಹುಡುಗಿಯ ಪ್ರಶ್ನೆ ಮತ್ತೆ ನೆನಪಾಯಿತು. ಅದು ಪಾಠದ ಹೊರಗಿನ ಪ್ರಶ್ನೆಯಾಗಿರಲಿಲ್ಲ. ಇಡೀ ಘಟಕ ಆ ಒಂದು ಪ್ರಶ್ನೆಯೊಳಗೆ ಇತ್ತು. ಅದಕ್ಕೆ ನಮ್ಮ ಪ್ರಶಿಕ್ಷಣಾರ್ಥಿ ಕೊಟ್ಟ ಉತ್ತರ, ಆ ಯಂತ್ರ ಮಾರಲು ಬಂದವನು ಕೊಟ್ಟ ಉತ್ತರವೇ ಆಗಿತ್ತು. ಅದಕ್ಕೆ ಮೊಹರು ಒತ್ತಿ ಬಂದವಳು ನಾನು. ಈ ಲೇಖನ ಬರೆಯಲು ಕಾರಣ ಅದು.

ಕರಗುವುದು ಸರಳು

ಈ ಪ್ರದರ್ಶನವನ್ನು ನಮ್ಮಲ್ಲಿ ಅನೇಕರು ನೋಡಿರುತ್ತೀರಿ. ಎರಡು ಲೋಟ. ಒಂದರಲ್ಲಿ ನಮ್ಮ ಮನೆಯ ನೀರು, ಇನ್ನೊಂದರಲ್ಲಿ ಅವರ ಯಂತ್ರದಿಂದ ಬಂದ ಆರ್‌ಒ ನೀರು. ಲೋಹದ ಸರಳುಗಳಿರುವ ಒಂದು ಚಿಕ್ಕ ಉಪಕರಣವನ್ನು ಎರಡೂ ಲೋಟಗಳಲ್ಲಿ ಮುಳುಗಿಸಿ ಪ್ಲಗ್ ಹಾಕುತ್ತಾರೆ. ಒಂದೆರಡು ನಿಮಿಷದಲ್ಲಿ ನಮ್ಮ ನೀರು ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ, ಮೇಲೆ ಗಸಿ ತೇಲುತ್ತದೆ. ಅವರ ನೀರು ತಿಳಿಯಾಗಿಯೇ ಇರುತ್ತದೆ. "ನೋಡಿ ಅಮ್ಮಾ, ನೀವು ದಿನಾ ಕುಡೀತಿರೋದು ಇದನ್ನೇ" ಎನ್ನುತ್ತಾರೆ. ಮಕ್ಕಳಿರುವ ಮನೆಯಲ್ಲಿ ಆ ಮಾತು ಕೇಳಿದ ಮೇಲೆ ಕಂತಿನ ಕಾಗದಕ್ಕೆ ಸಹಿ ಬೀಳಲು ತಡವಾಗುವುದಿಲ್ಲ.

ಲೋಟದೊಳಗೆ ನಡೆಯುವುದು ಇಷ್ಟು. ಸರಳುಗಳಲ್ಲಿ ಒಂದು ಕಬ್ಬಿಣದ್ದು. ನಮ್ಮ ನೀರಿನಲ್ಲಿ, ಅದರಲ್ಲೂ ಬೋರ್‌ವೆಲ್ ನೀರಿನಲ್ಲಿ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಕ್ಲೋರೈಡ್, ಬೈಕಾರ್ಬೊನೇಟ್ ಮುಂತಾದ ಅಯಾನುಗಳು ಕರಗಿರುತ್ತವೆ. ಹಾಗಾಗಿ ಅದರ ಮೂಲಕ ವಿದ್ಯುತ್ ಹರಿಯುತ್ತದೆ. ಆನೋಡ್ ಆಗಿರುವ ಕಬ್ಬಿಣದ ಪರಮಾಣುಗಳು ಎರಡೆರಡು ಇಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನುಗಳಾಗಿ ನೀರಿಗಿಳಿಯುತ್ತವೆ. ಇದು ಉತ್ಕರ್ಷಣ. ಇನ್ನೊಂದು ಸರಳಿನ ಬಳಿ ನೀರು ಇಲೆಕ್ಟ್ರಾನು ಪಡೆದು ಹೈಡ್ರೋಜನ್ ಗುಳ್ಳೆಗಳನ್ನೂ ಹೈಡ್ರಾಕ್ಸೈಡ್ ಅಯಾನುಗಳನ್ನೂ ಕೊಡುತ್ತದೆ. ಇದು ಅಪಕರ್ಷಣ. ಕಬ್ಬಿಣದ ಅಯಾನು ಹೈಡ್ರಾಕ್ಸೈಡ್ ಜೊತೆ ಸೇರಿದಾಗ ಮೊದಲು ಹಸಿರು ಛಾಯೆಯ ಗಸಿ. ಅದಕ್ಕೆ ಗಾಳಿಯ ಆಮ್ಲಜನಕ ತಗುಲಿದಾಗ ತುಕ್ಕಿನ ಕಂದು. ಸರಳು ಅಲ್ಯೂಮಿನಿಯಂನದಾಗಿದ್ದರೆ ಗಸಿ ಬೆಳ್ಳಗೆ ಬರುತ್ತದೆ. ಆರ್‌ಒ ನೀರಿನಲ್ಲಿ ಅಯಾನುಗಳು ಬಹಳ ಕಡಿಮೆ. ವಿದ್ಯುತ್ ಹೆಚ್ಚು ಹರಿಯದು, ಕಬ್ಬಿಣವೂ ಕರಗದು, ಬಣ್ಣವೂ ಬಾರದು.

ಅಂದರೆ ಲೋಟದಲ್ಲಿ ಕಂಡ 'ಕೊಳೆ' ಅವರೇ ತಂದ ಸರಳಿನ ಕಬ್ಬಿಣ. ಆ ಪರೀಕ್ಷೆ ಉತ್ತರಿಸುವ ಪ್ರಶ್ನೆ ಒಂದೇ: ಈ ನೀರಿನಲ್ಲಿ ವಿದ್ಯುತ್ ಹರಿಯುತ್ತದೆಯೇ? ನೀರಿನಲ್ಲಿ ರೋಗಾಣು ಇದೆಯೇ, ನೈಟ್ರೇಟ್ 45 ಮಿಲಿಗ್ರಾಂ ಮೀರಿದೆಯೇ, ಫ್ಲೋರೈಡ್ ಹೆಚ್ಚಿದೆಯೇ ಎಂಬುದನ್ನು ಅದು ಹೇಳಲಾರದು.

ಲೆಕ್ಕ ಬೇಕೆನ್ನುವ ಶಿಕ್ಷಕರಿಗಾಗಿ ಫ್ಯಾರಡೆಯ ನಿಯಮ ಇದೆ. 0.1 ಆಂಪಿಯರ್ ವಿದ್ಯುತ್ 10 ನಿಮಿಷ ಹರಿದರೆ 60 ಕೂಲಂಬ್. ಅದನ್ನು 96,500ರಿಂದ ಭಾಗಿಸಿದರೆ ಇಲೆಕ್ಟ್ರಾನುಗಳ ಮೋಲ್ ಸಂಖ್ಯೆ. ಒಂದು ಕಬ್ಬಿಣದ ಪರಮಾಣುವಿಗೆ ಎರಡು ಇಲೆಕ್ಟ್ರಾನು, ಆದ್ದರಿಂದ 2ರಿಂದ ಭಾಗಿಸಿ, ಕಬ್ಬಿಣದ ಪರಮಾಣು ರಾಶಿ 56ರಿಂದ ಗುಣಿಸಿ. ಸುಮಾರು 17 ಮಿಲಿಗ್ರಾಂ ಕಬ್ಬಿಣ ಬರುತ್ತದೆ. 200 ಮಿಲಿಲೀಟರ್ ಲೋಟವನ್ನು ಕಂದು ಮಾಡಲು ಅಷ್ಟು ಧಾರಾಳವಾಗಿ ಸಾಕು. ಎಂಟನೆಯ ತರಗತಿಗೆ ಈ ಲೆಕ್ಕ ಬೇಡ. ಆದರೆ ಪಾಠ ಮಾಡುವವರ ತಲೆಯಲ್ಲಿ ಇರಬೇಕು.

ಎರಡು ಪ್ರದರ್ಶನಗಳು, ಒಂದೇ ವಿಧಾನ

ಇಲ್ಲಿಗೆ ನಿಲ್ಲಿಸಿದರೆ ಇದು ಮಾರಾಟಗಾರರ ಮೇಲಿನ ದೂರಾಗುತ್ತದೆ. ನನ್ನ ದೂರು ನಮ್ಮ ಮೇಲೆಯೇ.

ಆ ಮಾರಾಟದವನ ಪ್ರದರ್ಶನವನ್ನೂ ನಮ್ಮ ನಿಂಬೆಹಣ್ಣಿನ ಪ್ರದರ್ಶನವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಒಬ್ಬರು ಮಾಡುತ್ತಾರೆ, ಉಳಿದವರು ನೋಡುತ್ತಾರೆ. ಎರಡರಲ್ಲೂ ಕಣ್ಣಿಗೆ ಕಟ್ಟುವ ಒಂದು ಬದಲಾವಣೆ ಇದೆ. ಎರಡರಲ್ಲೂ ಬದಲಾವಣೆಯ ಬೆನ್ನಿಗೇ ತೀರ್ಮಾನ ಬರುತ್ತದೆ, ನಡುವೆ "ಬೇರೆ ಕಾರಣ ಇರಬಹುದೇ?" ಎಂಬ ಪ್ರಶ್ನೆಗೆ ಜಾಗವಿಲ್ಲ. ಎಂಟನೆಯ ತರಗತಿಯಿಂದ ಹತ್ತನೆಯವರೆಗೆ ನಾವು ಮಕ್ಕಳಿಗೆ ಹೀಗೆ ತೋರಿಸುತ್ತಾ ಬಂದರೆ, ಬಣ್ಣ ಬದಲಾದ ಕೂಡಲೇ ಒಪ್ಪಿಕೊಳ್ಳುವ ಅಭ್ಯಾಸವನ್ನು ನಾವೇ ಮಾಡಿಸಿದಂತಾಗುತ್ತದೆ. ಆಮೇಲೆ ಮನೆ ಬಾಗಿಲಿಗೆ ಬಂದವನ ಕೆಲಸ ಸುಲಭ.

ಆ ದಿನದ ನಿಂಬೆಹಣ್ಣಿನ ಪಾಠದ ಕೊನೆಗೆ ಕಪ್ಪುಹಲಗೆಯ ಮೇಲೆ ಬರೆದ ಸಾರಾಂಶ ಹೀಗಿತ್ತು: "ನಿಂಬೆಹಣ್ಣಿನಲ್ಲಿ ವಿದ್ಯುತ್ ಶಕ್ತಿ ಇದೆ." ಇದು ತಪ್ಪು. ಶಕ್ತಿ ಬರುವುದು ಸತುವು ಕರಗುವ ಕ್ರಿಯೆಯಿಂದ. ಸತುವು ಇಲೆಕ್ಟ್ರಾನು ಬಿಟ್ಟುಕೊಡುತ್ತದೆ. ಅವು ತಂತಿಯ ಮೂಲಕ ಹರಿದು ತಾಮ್ರದ ತುದಿಗೆ ಬರುತ್ತವೆ. ಅಲ್ಲಿ ರಸದ ಹೈಡ್ರೋಜನ್ ಅಯಾನುಗಳು ಅವನ್ನು ತೆಗೆದುಕೊಳ್ಳುತ್ತವೆ. ನಿಂಬೆರಸ ಅಯಾನುಗಳು ಓಡಾಡುವ ದಾರಿ, ಜೊತೆಗೆ ಹೈಡ್ರೋಜನ್ ಅಯಾನುಗಳ ಮೂಲ. ಇದನ್ನು ಮಕ್ಕಳೇ ಕಂಡುಕೊಳ್ಳಲು ಇನ್ನೆರಡು ಜೋಡಣೆ ಸಾಕು. ಒಂದು, ಅದೇ ಹಣ್ಣಿಗೆ ಎರಡೂ ಕಡೆ ತಾಮ್ರವನ್ನೇ ಚುಚ್ಚುವುದು: ದೀಪ ಹತ್ತದು. ಎರಡು, ನಿಂಬೆಹಣ್ಣನ್ನು ಬಿಟ್ಟು ಹುಣಸೆ ನೀರಿನಲ್ಲಿ ಸತು, ತಾಮ್ರ ಇಡುವುದು: ದೀಪ ಹತ್ತುತ್ತದೆ. ಹಣ್ಣು ಬದಲಾದರೂ ನಡೆಯುತ್ತದೆ, ಲೋಹಗಳ ಜೋಡಿ ಬದಲಾದರೆ ನಡೆಯದು. ಆಗ ಶಕ್ತಿ ಎಲ್ಲಿಂದ ಬಂತೆಂದು ನಾವು ಹೇಳಿಕೊಡಬೇಕಾಗಿಲ್ಲ.

ಇಂಥದೇ ಇನ್ನೊಂದು ತಪ್ಪು ವಿದ್ಯುತ್ ಲೇಪನದ ಪಾಠದಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಮೈಲುತುತ್ತದ ದ್ರಾವಣದಲ್ಲಿ ಕಬ್ಬಿಣದ ಬೀಗದಕೈ ಮುಳುಗಿಸಿ, ಬ್ಯಾಟರಿ ಜೋಡಿಸಿ, ತಾಮ್ರ ಹತ್ತಿದ್ದನ್ನು ತೋರಿಸುತ್ತಾರೆ. ಬ್ಯಾಟರಿ ಇಲ್ಲದೆಯೂ ಕಬ್ಬಿಣದ ಮೇಲೆ ತಾಮ್ರ ಕೂರುತ್ತದೆ. ಅದು ಸ್ಥಾನಪಲ್ಲಟ ಕ್ರಿಯೆ. ಹಾಗಾದರೆ ಬ್ಯಾಟರಿ ಮಾಡಿದ್ದೇನು? ಬೀಗದಕೈ ಬದಲು ಪೆನ್ಸಿಲ್ಲಿನ ಸೀಸದ ಕಡ್ಡಿಯನ್ನು, ಎಂದರೆ ಗ್ರಾಫೈಟನ್ನು, ಬ್ಯಾಟರಿಯ ಋಣ ತುದಿಗೆ ಜೋಡಿಸಿ. ಬ್ಯಾಟರಿ ಇಲ್ಲದಾಗ ಅದರ ಮೇಲೆ ಏನೂ ಕೂರದು, ಇದ್ದಾಗ ತಾಮ್ರದ ಕೆಂಪು ಕಾಣುತ್ತದೆ. ಖರ್ಚು ಅಷ್ಟೇ, ಆದರೆ ಈ ಸಲದ ತೀರ್ಮಾನವನ್ನು ನಂಬಬಹುದು.

ಆ ಹುಡುಗಿಗೆ ಕೊಡಬೇಕಿದ್ದ ಪಾಠ

ಮುಂದಿನ ವಾರ ಅದೇ ತರಗತಿಗೆ ನಾನೂ ಆ ಪ್ರಶಿಕ್ಷಣಾರ್ಥಿಯೂ ಸೇರಿ ಒಂದು ಪಾಠ ಮಾಡಿದೆವು. ಬೇಕಾದ ಸಾಮಾನು: 9 ವೋಲ್ಟ್ ಬ್ಯಾಟರಿ, ಸತು ಲೇಪಿಸದ ಕಬ್ಬಿಣದ ಮೊಳೆಗಳು, ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್‌ಗಳು, ನಾಲ್ಕು ಗಾಜಿನ ಲೋಟ, ಒಂದು ಚಿಟಿಕೆ ಉಪ್ಪು ಮತ್ತು ಒಂದು ಬಾಟಲಿ ಬ್ಯಾಟರಿ ನೀರು. ಪೆಟ್ರೋಲ್ ಬಂಕಿನಲ್ಲೂ ಪಂಕ್ಚರ್ ಅಂಗಡಿಯಲ್ಲೂ ಸಿಗುವ ಆ ಬ್ಯಾಟರಿ ನೀರು ಅಯಾನುಗಳಿಲ್ಲದ ನೀರೇ.

ಮೊದಲ ಲೋಟ: ನಲ್ಲಿ ನೀರು, ಎರಡು ಮೊಳೆ. ಹತ್ತು ನಿಮಿಷದಲ್ಲಿ ಒಂದು ಮೊಳೆಯ ಸುತ್ತ ಗುಳ್ಳೆ, ಇನ್ನೊಂದರ ಸುತ್ತ ಹಳದಿ-ಹಸಿರು ಮೋಡ, ಆಮೇಲೆ ಕಂದು. ಎರಡನೆಯ ಲೋಟ: ಬ್ಯಾಟರಿ ನೀರು, ಎರಡು ಮೊಳೆ. ಏನೂ ಇಲ್ಲ. ಇಲ್ಲಿಗೆ ನಾವು ಮಾರಾಟದವನ ಪ್ರದರ್ಶನವನ್ನೇ ಮಾಡಿದ್ದೆವು. "ಹಾಗಾದರೆ ನಲ್ಲಿ ನೀರಲ್ಲಿ ಕೊಳೆ ಇದೆ ಅಲ್ವಾ?" ಎಂದು ಕೇಳಿದಾಗ ಮುಕ್ಕಾಲು ತರಗತಿ "ಹೌದು ಮಿಸ್" ಎಂದಿತು.

ಮೂರನೆಯ ಲೋಟ: ಬ್ಯಾಟರಿ ನೀರಿಗೆ ಊಟದ ಉಪ್ಪು ಒಂದು ಚಿಟಿಕೆ, ಎರಡು ಮೊಳೆ. ಮೊದಲ ಲೋಟಕ್ಕಿಂತ ಬೇಗ ಬಣ್ಣ ಬಂತು. ತರಗತಿ ಸುಮ್ಮನಾಯಿತು. ನಾವು ದಿನಾ ಉಣ್ಣುವ ಉಪ್ಪು ಕೊಳೆಯೇ? ನಾಲ್ಕನೆಯ ಲೋಟ: ನಲ್ಲಿ ನೀರು, ಮೊಳೆಗಳ ಬದಲು ಪೆನ್ಸಿಲ್. ಎರಡೂ ತುದಿಯಲ್ಲಿ ಗುಳ್ಳೆ ಬಂತು, ಕಂದು ಬರಲಿಲ್ಲ. ಅದೇ ನಲ್ಲಿ ನೀರು! ಆಗ ಹಿಂದಿನ ಸಾಲಿನ ಹುಡುಗನೊಬ್ಬ ಮೊದಲ ಲೋಟದ ಮೊಳೆಯನ್ನು ಹೊರಗೆ ತೆಗೆದು ಒರೆಸಿ, "ಮಿಸ್, ಇದು ತಿಂದ್ಹಾಕಿದ ಹಾಗಿದೆ, ಇನ್ನೊಂದು ನುಣ್ಣಗಿದೆ" ಎಂದ. ಉಳಿದದ್ದನ್ನು ಮಕ್ಕಳೇ ಮಾತಾಡಿಕೊಂಡರು.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದು: ಮನೆಗೆ ತರುವ ಆ ಉಪಕರಣ ಗೋಡೆಯ ಪ್ಲಗ್ಗಿನಿಂದ ನಡೆಯುತ್ತದೆ. ಅದನ್ನು ತರಗತಿಗೆ ತರಬಾರದು, ಮಕ್ಕಳು ಮನೆಯಲ್ಲಿ ಮಾಡಿ ನೋಡಬಾರದು. 9 ವೋಲ್ಟ್ ಬ್ಯಾಟರಿಯನ್ನು ಮೀರಬೇಡಿ, ಕಿಟಕಿ ತೆರೆದಿರಲಿ, ಉಪ್ಪು ನೀರಿಗೆ ಪೆನ್ಸಿಲ್ ಕಡ್ಡಿ ಇಡಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಎರಡನೆಯದು ಇನ್ನೂ ಮುಖ್ಯ. "ಹಾಗಾದರೆ ನಮ್ಮ ನೀರು ಚೆನ್ನಾಗಿದೆ" ಎಂದು ಮಕ್ಕಳು ಮನೆಗೆ ಹೋಗಬಾರದು. ಹಾಗೆ ನಮ್ಮ ಪ್ರಯೋಗವೂ ಹೇಳಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಒಟ್ಟು ಘನಪದಾರ್ಥ ಲೀಟರಿಗೆ 500 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 2,000ದ ತನಕ ಒಪ್ಪಬಹುದು. ಕೆ.ಆರ್. ಪುರದ ಕಡೆ ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿದ ಮನೆಗಳಿಗೆ ಆರ್‌ಒ ನಿಜವಾಗಿ ಬೇಕಾಗಬಹುದು. ಕಾವೇರಿ ನೀರು ಬರುವ ಮನೆಗೆ ಕುದಿಸಿ ಆರಿಸಿದರೆ ಸಾಕಾಗಬಹುದು. ಯಾವುದು ಎಂದು ಹೇಳಬೇಕಾದದ್ದು ನೀರಿನ ಪರೀಕ್ಷಾ ವರದಿ. ಮನೆಯ ಆರ್‌ಒ ಯಂತ್ರ ಕುಡಿಯಲು ಕೊಡುವ ನೀರಿಗಿಂತ ಹೆಚ್ಚು ನೀರನ್ನು ಹೊರಚೆಲ್ಲುವುದು ಸಾಮಾನ್ಯ. 2024ರ ಬೇಸಿಗೆಯಲ್ಲಿ ಕೊಡ ಹಿಡಿದು ಟ್ಯಾಂಕರಿಗೆ ಕಾದ ಮಕ್ಕಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

'ಧನಾಗ್ರ' ಎಂಬ ಪದದ ತೊಡಕು

ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವವರಿಗೆ ಒಂದು ವಿಶೇಷ ಕಷ್ಟ ಇದೆ. ಆನೋಡ್‌ಗೆ ಧನಾಗ್ರ, ಕ್ಯಾಥೋಡ್‌ಗೆ ಋಣಾಗ್ರ ಎಂದು ಬಳಸುವುದು ರೂಢಿ. ಹೊರಗಿನಿಂದ ಬ್ಯಾಟರಿ ಜೋಡಿಸಿ ಮಾಡುವ ವಿದ್ಯುದ್ವಿಭಜನೆಯಲ್ಲಿ ಇದು ಸರಿಯಾಗಿ ಹೊಂದುತ್ತದೆ: ಆನೋಡ್ ಬ್ಯಾಟರಿಯ ಧನ ತುದಿಗೆ ಸೇರಿರುತ್ತದೆ. ಆದರೆ ನಿಂಬೆಹಣ್ಣಿನ ಕೋಶದಲ್ಲಿ ಆನೋಡ್ ಯಾವುದು? ಕರಗುತ್ತಿರುವ ಸತುವು. ಅದು ಕೋಶದ ಋಣ ತುದಿ! 'ಧನಾಗ್ರ'ವೇ ಋಣ ಎಂದು ಕೇಳಿದ ಮಗು ಗಲಿಬಿಲಿಗೊಂಡರೆ ತಪ್ಪು ಮಗುವಿನದಲ್ಲ. ಪಿಯುಸಿಗೆ ಹೋದ ಮೇಲೆ ಈ ವಿಷಯ ಕಷ್ಟ ಎನ್ನುವ ಮಕ್ಕಳಲ್ಲಿ ಎಷ್ಟೋ ಜನ ಎಡವಿರುವುದು ಈ ಒಂದು ಪದಕ್ಕೆ.

1834ರಲ್ಲಿ ಫ್ಯಾರಡೆ ಆನೋಡ್, ಕ್ಯಾಥೋಡ್, ಅಯಾನು ಎಂಬ ಪದಗಳನ್ನು ಬಳಕೆಗೆ ತಂದಾಗ ಅವುಗಳಲ್ಲಿ ಧನ, ಋಣ ಎಂಬ ಅರ್ಥ ಇರಲಿಲ್ಲ. ಗ್ರೀಕ್ ಮೂಲದಲ್ಲಿ ಅವು ಮೇಲಿನ ದಾರಿ, ಕೆಳಗಿನ ದಾರಿ ಎಂದಷ್ಟೇ ಸೂಚಿಸುತ್ತವೆ. ಆದ್ದರಿಂದ ನನ್ನ ಸಲಹೆ: ತರಗತಿಯಲ್ಲಿ ಆನೋಡ್, ಕ್ಯಾಥೋಡ್ ಎಂಬ ಪದಗಳನ್ನೇ ಬಳಸಿ; ಪರೀಕ್ಷೆಯಲ್ಲಿ ಧನಾಗ್ರ ಎಂದು ಬಂದರೆ ಗುರುತಿಸುವಷ್ಟು ತಿಳಿಸಿ. ಹಲಗೆಯ ಮೇಲೆ ಒಂದೇ ಸಾಲು ಬರೆಯಿರಿ: ಆನೋಡ್‌ನಲ್ಲಿ ಉತ್ಕರ್ಷಣ, ಕ್ಯಾಥೋಡ್‌ನಲ್ಲಿ ಅಪಕರ್ಷಣ. ಇನ್ನೂ ಸರಳವಾಗಿ: ಕರೆಂಟು ಲೋಹವನ್ನು ಬಿಟ್ಟು ದ್ರವಕ್ಕೆ ಇಳಿಯುವ ತುದಿ ಆನೋಡ್, ಕರಗಬಲ್ಲ ಲೋಹವಾದರೆ ಅದು ಕರಗುವುದು ಅಲ್ಲಿಯೇ. ಈ ಮಾತು ನಿಂಬೆಹಣ್ಣಿಗೂ ನಿಲ್ಲುತ್ತದೆ, ಮಾರಾಟದವನ ಸರಳಿಗೂ ನಿಲ್ಲುತ್ತದೆ.

ಭಾಷೆಯ ಬಗ್ಗೆ ಇನ್ನೊಂದು ಮಾತು. ದಂಡುಪ್ರದೇಶದ ನಮ್ಮ ಶಾಲೆಗಳಲ್ಲಿ ಕನ್ನಡ ಮನೆಮಾತಲ್ಲದ ಮಕ್ಕಳೇ ಹೆಚ್ಚು. ಪೀಠಿಕೆಯಲ್ಲಿ 'ಸಂಕ್ಷಾರಣ' ಎಂದು ಶುರು ಮಾಡಬೇಡಿ. ಕಬ್ಬಿಣದ ಗೇಟಿಗೆ ಮಳೆಗಾಲದಲ್ಲಿ ಏನಾಗುತ್ತದೆ ಎಂದು ಕೇಳಿ. ಒಬ್ಬ ತುಕ್ಕು ಎನ್ನುತ್ತಾನೆ, ಹಲಸೂರಿನ ತಮಿಳು ಮನೆಯ ಹುಡುಗಿ ತುರು ಎನ್ನುತ್ತಾಳೆ, ಶಿವಾಜಿನಗರದ ಹುಡುಗ ಜಂಗ್ ಎನ್ನುತ್ತಾನೆ, ತೆಲುಗು ಮನೆಯ ಮಗು ತುಪ್ಪು ಎನ್ನುತ್ತದೆ. ನಾಲ್ಕನ್ನೂ ಹಲಗೆಯ ಮೇಲೆ ಬರೆಯಿರಿ. ಪದ ಎಲ್ಲರ ಮನೆಯಲ್ಲೂ ಇದೆ, ಕಾರಣ ಮಾತ್ರ ಹುಡುಕಬೇಕು ಎಂದು ಅಲ್ಲಿಂದ ಹೊರಡಿ.

ಶಾಲೆಯ ಸುತ್ತ ಇರುವ ಉದಾಹರಣೆಗಳು

ನಮ್ಮ ಪಾಠ ಯೋಜನೆಗಳಲ್ಲಿ 'ದೈನಂದಿನ ಉಪಯೋಗಗಳು' ಎಂಬ ಕಡೆ ಬ್ಯಾಟರಿ, ವಿದ್ಯುತ್ ಲೇಪನ, ಲೋಹ ಶುದ್ಧೀಕರಣ ಎಂಬ ಮೂರು ಪದಗಳು ಇರುತ್ತವೆ. ಅಷ್ಟೇ. ಶಾಲೆಯ ಗೇಟು ದಾಟಿದರೆ ಸಿಗುವುದನ್ನು ಬರೆದವರು ಕಡಿಮೆ.

ಶಿವಾಜಿನಗರದ ಮಕ್ಕಳಿಗೆ ಕಮರ್ಷಿಯಲ್ ಸ್ಟ್ರೀಟಿನ 'ಒಂದು ಗ್ರಾಂ ಚಿನ್ನ'ದ ಸರಗಳು ಗೊತ್ತು. ಅಗ್ಗದ ಲೋಹದ ಸರವನ್ನು ಕ್ಯಾಥೋಡ್ ಮಾಡಿ ಅದರ ಮೇಲೆ ತೆಳುವಾಗಿ ಚಿನ್ನ ಕೂರಿಸುವುದೇ ಲೇಪನ. ಬೆವರು ತಾಗಿ ಲೇಪನ ಸವೆದಾಗ ಒಳಗಿನ ತಾಮ್ರ ಕಾಣುವುದನ್ನು ಅವರು ಮನೆಯಲ್ಲಿ ನೋಡಿದ್ದಾರೆ. ಹಾಗೆಂದು ಲೇಪನದ ಅಂಗಡಿಗೆ ಮಕ್ಕಳನ್ನು ಕರೆದೊಯ್ಯಬೇಡಿ. ಚಿನ್ನದ ಲೇಪನಕ್ಕೆ ಸಯನೈಡ್ ದ್ರಾವಣ ಬಳಸುವುದು ಸಾಮಾನ್ಯ. ಗುಜರಿ ಅಂಗಡಿಗೆ ಬರುವ ಹಳೆಯ ಬ್ಯಾಟರಿಯ ಮಾತೂ ಹಾಗೆಯೇ. ಎರಡೆರಡು ವೋಲ್ಟಿನ ಆರು ಕೋಶ ಸೇರಿ 12 ವೋಲ್ಟ್ ಎಂಬುದರ ಜೊತೆಗೆ, ಒಳಗಿರುವುದು ಸೀಸ ಮತ್ತು ಸಲ್ಫ್ಯೂರಿಕ್ ಆಮ್ಲ, ಅದನ್ನು ಬಿಚ್ಚಬಾರದು ಎಂಬುದೂ ಪಾಠವಾಗಬೇಕು. ಸೀಸ ಮಕ್ಕಳ ಮಿದುಳಿಗೆ ವಿಷ. ಅಂಥ ಅಂಗಡಿಗಳಲ್ಲಿ ದುಡಿಯುವವರ ಮಕ್ಕಳು ನಮ್ಮ ತರಗತಿಗಳಲ್ಲೇ ಇದ್ದಾರೆ.

ಮನೆಯ ದೇವರ ಗೂಡಿನಲ್ಲಿ ಕಪ್ಪಾದ ಬೆಳ್ಳಿ ದೀಪ ಇರುತ್ತದೆ. ಅಲ್ಯೂಮಿನಿಯಂ ಹಾಳೆ ಹಾಸಿದ ಪಾತ್ರೆಯಲ್ಲಿ ಬಿಸಿನೀರು, ಅಡುಗೆ ಸೋಡಾ ಹಾಕಿ ದೀಪವನ್ನು ಹಾಳೆಗೆ ತಾಗುವಂತೆ ಇಟ್ಟರೆ ಅದು ಬೆಳ್ಳಗಾಗುತ್ತದೆ. ಅಲ್ಯೂಮಿನಿಯಂ ಕೊಟ್ಟ ಇಲೆಕ್ಟ್ರಾನುಗಳಿಂದ ಬೆಳ್ಳಿಯ ಸಲ್ಫೈಡ್ ಮತ್ತೆ ಬೆಳ್ಳಿಯಾಗುತ್ತದೆ. ಹಿತ್ತಾಳೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕುವುದು ಹಾಗಲ್ಲ. ಅಲ್ಲಿ ಆಮ್ಲ ಮೇಲ್ಪದರವನ್ನು ಕರಗಿಸುತ್ತದೆ. ಎರಡನ್ನೂ ಕೊಟ್ಟು ವ್ಯತ್ಯಾಸ ಕೇಳಿದರೆ ಒಳ್ಳೆಯ ಮೌಲ್ಯಮಾಪನದ ಪ್ರಶ್ನೆ.

ಎಲ್ಲಕ್ಕಿಂತ ದೊಡ್ಡ ಉದಾಹರಣೆ ನಮ್ಮ ತಲೆಯ ಮೇಲೆಯೇ ಓಡುತ್ತಿದೆ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆಯ ನಡುವೆ ಶುರುವಾಗಿ, 2023ರಲ್ಲಿ ಕೆ.ಆರ್. ಪುರ, ವೈಟ್‌ಫೀಲ್ಡ್ ಮುಟ್ಟಿದ ನಮ್ಮ ಮೆಟ್ರೊ 750 ವೋಲ್ಟ್ ನೇರ ವಿದ್ಯುತ್ತಿನಿಂದ ನಡೆಯುತ್ತದೆ. ಪಕ್ಕದ ಮೂರನೆಯ ಹಳಿಯಿಂದ ಬಂದ ವಿದ್ಯುತ್ತು ಓಡುವ ಹಳಿಗಳ ಮೂಲಕ ಹಿಂದಿರುಗುತ್ತದೆ. ಇಂಥ ಮಾರ್ಗದಲ್ಲಿ ಅದರಲ್ಲಿ ಸ್ವಲ್ಪ ಸೋರಿ ಕಾಂಕ್ರೀಟಿನ ಕಂಬಿಗೋ ನೆಲದ ನೀರಿನ ಪೈಪಿಗೋ ಸೇರಿ, ಮುಂದೆ ಎಲ್ಲೋ ಅದನ್ನು ಬಿಟ್ಟು ಮಣ್ಣಿಗಿಳಿದರೆ, ಇಳಿದ ಜಾಗದಲ್ಲಿ ಕಬ್ಬಿಣ ಕರಗುತ್ತದೆ. ಅದಕ್ಕೇ ಇಂಥ ಹಳಿಗಳನ್ನು ವಿದ್ಯುತ್ ನಿರೋಧಕ ಪದರದ ಮೇಲೆ ಕೂರಿಸುತ್ತಾರೆ. ಅದೇ ಕೆ.ಆರ್. ಪುರದಲ್ಲಿ ಕೆಳಗೆ ಓಡುವ ರೈಲಿಗೆ 25,000 ವೋಲ್ಟ್ ಪರ್ಯಾಯ ವಿದ್ಯುತ್. ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವ ಅದರಿಂದ ಈ ರೀತಿಯ ಸವೆತ ತೀರಾ ಕಡಿಮೆ. ಏಕೆ ಎಂದು ಹತ್ತನೆಯ ತರಗತಿಗೆ ಕೇಳಿ ನೋಡಿ.

ಅಲ್ಲಿಂದ ಸ್ವಲ್ಪ ದೂರ ದೂರವಾಣಿನಗರ. 1948ರಲ್ಲಿ ಸ್ಥಾಪನೆಯಾದ ಐ.ಟಿ.ಐ. ಕಾರ್ಖಾನೆಯಿಂದ ಆ ಹೆಸರು. ತಾಮ್ರದ ತಂತಿಯ ದೂರವಾಣಿ ವ್ಯವಸ್ಥೆ 48 ವೋಲ್ಟಿನಲ್ಲಿ ನಡೆಯುತ್ತದೆ. ಅದರಲ್ಲಿ ಬ್ಯಾಟರಿಯ ಧನ ತುದಿಯನ್ನು ಭೂಮಿಗೆ ಸೇರಿಸಿ, ತಂತಿಯನ್ನು ಋಣದಲ್ಲಿ ಇಡುವುದು ಪದ್ಧತಿ. ತೇವ ಹೊಕ್ಕು ವಿದ್ಯುತ್ ಸೋರಿದರೂ ತಂತಿ ಕ್ಯಾಥೋಡ್ ಆಗಿಯೇ ಉಳಿಯುತ್ತದೆ, ಕರಗುವುದಿಲ್ಲ. ಆ ಕಾರ್ಖಾನೆಯಲ್ಲಿ ದುಡಿದ ಅಜ್ಜಂದಿರು ಕೆ.ಆರ್. ಪುರದ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಒಬ್ಬರನ್ನು ತರಗತಿಗೆ ಕರೆಯಲು ಯಾವ ಅನುದಾನವೂ ಬೇಡ.

ಆಕ್ಷೇಪಗಳಿಗೆ

ಸಹೋದ್ಯೋಗಿಗಳು ಮೂರು ಮಾತು ಹೇಳುತ್ತಾರೆ. ಒಂದು, ನಲವತ್ತು ನಿಮಿಷದ ಅವಧಿಯಲ್ಲಿ ನಾಲ್ಕು ಲೋಟಕ್ಕೆ ಸಮಯವಿಲ್ಲ. ನಾಲ್ಕನ್ನೂ ಒಟ್ಟಿಗೆ ನಾಲ್ಕು ಗುಂಪಿಗೆ ಕೊಟ್ಟರೆ ಹದಿನೈದು ನಿಮಿಷ ಸಾಕು, ನಮಗೆ ಸಾಕಾಯಿತು. ಎರಡು, ಪೋರ್ಷನ್ ಮುಗಿಯಬೇಕು. ಅಯಾನು, ವಿದ್ಯುದ್ವಿಭಾಜ್ಯ, ಶುದ್ಧ ನೀರು ಮತ್ತು ಉಪ್ಪು ನೀರಿನ ವಾಹಕತೆ, ವಿದ್ಯುದಾಗ್ರಗಳ ಬಳಿ ಗುಳ್ಳೆ, ಬಣ್ಣ ಬದಲಾವಣೆ, ಇವೆಲ್ಲ ಆ ನಾಲ್ಕು ಲೋಟಗಳಲ್ಲೇ ಬಂದುಹೋಗುತ್ತವೆ. ಇದು ಪೋರ್ಷನ್ನಿನೊಳಗಿನದೇ. ಮೂರು, ಯಾರದೋ ವ್ಯಾಪಾರದ ವಿಷಯಕ್ಕೆ ಶಿಕ್ಷಕರು ಏಕೆ ಹೋಗಬೇಕು? ಈ ಆಕ್ಷೇಪದಲ್ಲಿ ತೂಕವಿದೆ. ತರಗತಿಯಲ್ಲಿ ಯಾವ ಕಂಪನಿಯ ಹೆಸರೂ ಬರಬಾರದು. ಕೊಳ್ಳಿ, ಕೊಳ್ಳಬೇಡಿ ಎಂದು ಹೇಳುವುದೂ ನಮ್ಮ ಕೆಲಸವಲ್ಲ. ಆದರೆ ಒಂದು ಮಗು ತಾನು ಕಂಡದ್ದಕ್ಕೆ ಕಾರಣ ಕೇಳಿದಾಗ ಉತ್ತರಿಸುವುದು ನಮ್ಮ ಕೆಲಸವೇ.

ನಮ್ಮ ಕಾಲೇಜಿಗೆ ನನ್ನ ವಿನಂತಿ ಚಿಕ್ಕದು. ಪಾಠ ಯೋಜನೆಯ ನಮೂನೆಯಲ್ಲಿ ಪ್ರಯೋಗದ ಕಡೆ ಎರಡು ಸಾಲು ಸೇರಿಸೋಣ. "ಈ ಪ್ರಯೋಗದಲ್ಲಿ ಯಾವುದನ್ನು ಬದಲಿಸಿ ಹೋಲಿಸುತ್ತೀರಿ?" ಮತ್ತು "ಈ ಪ್ರಯೋಗ ಯಾವ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ?" ಅವಲೋಕನ ಪುಸ್ತಕದಲ್ಲಿ ಮೇಲ್ವಿಚಾರಕರಿಗೂ ಒಂದು ಸಾಲು ಇರಲಿ: "ಮಕ್ಕಳು ಕೇಳಿದ ಪ್ರಶ್ನೆಗಳು, ಅವಕ್ಕೆ ಏನಾಯಿತು?" ಆ ದಿನ ಆ ಸಾಲು ಇದ್ದಿದ್ದರೆ ನಾನು "ತರಗತಿ ನಿಯಂತ್ರಣ ಉತ್ತಮ" ಎಂದು ಬರೆಯುವ ಮೊದಲು ಸ್ವಲ್ಪ ತಡೆಯುತ್ತಿದ್ದೆ.

ಎರಡನೆಯ ಪಾಠ ಮುಗಿದ ಮೇಲೆ ಆ ಹುಡುಗಿ ಹತ್ತಿರ ಬಂದು, "ಮಿಷನ್ ತಗೊಂಡಾಗಿದೆ ಮಿಸ್, ಅಮ್ಮ ಇನ್ನೂ ಕಂತು ಕಟ್ತಿದಾರೆ. ಈಗ ಹೋಗಿ ಹೇಳ್ಲಾ?" ಎಂದು ಕೇಳಿದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. "ನಾಲ್ಕು ಲೋಟ ಅಮ್ಮನಿಗೂ ತೋರಿಸು. ನೀರನ್ನ ಪರೀಕ್ಷೆಗೆ ಕಳಿಸೋಣ, ಆಮೇಲೆ ಮಿಷನ್ ಬೇಕೋ ಬೇಡವೋ ನೋಡೋಣ" ಎಂದೆ. ಮರುದಿನ ಅವಳು ತೊಳೆದ ಬಾಟಲಿಯಲ್ಲಿ ನೀರು ತಂದಿದ್ದಳು. ಮೇಲೆ ಚೀಟಿ ಅಂಟಿಸಿ ತನ್ನ ಹೆಸರು, ದಿನಾಂಕ, 'ನಲ್ಲಿ ನೀರು, ಮಿಷನ್‌ದಲ್ಲ' ಎಂದು ಬರೆದಿದ್ದಳು. ಹಾಗೆ ಬರೆಯಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.